ಹಿಟ್ಟು ತನ್ನಿ, ಹಂಚು ತನ್ನಿ

2019ರ ಆಗಸ್ಟ್. ನಾಗರ ಪಂಚಮಿಗೆ ಕಟ್ಟಿದ ಜೋಕಾಲಿ ಮಳೆಯಲ್ಲಿ ನೆನೆಯುತ್ತ ಸುಮ್ಮನೆ ತೂಗುತ್ತಿತ್ತು. ನಮ್ಮ ಮಣ್ಣಿನ ಮನೆಯ ಹಿತ್ತಿಲ ಗೋಡೆ ರಾತ್ರಿ ಕುಸಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೂ ಕಂಬಕ್ಕೆ ಒರಗಿ ಕುಳಿತವಳು ನಾನು ಏಳಲೇ ಇಲ್ಲ. ಮೊಬೈಲ್ ತೆರೆದರೆ ನೀರೇ ನೀರು. ಮಲಪ್ರಭೆ ಉಕ್ಕಿ ಕೊಣ್ಣೂರು ಮುಳುಗಿತ್ತು, ಪಟ್ಟದಕಲ್ಲಿನ ಗುಡಿಗಳಿಗೂ ಹೊಳೆ ನುಗ್ಗಿತ್ತು. ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಕೊಡ ಹಿಡಿದು ನಿಂತ ಸೀಮೆ ಇದು. ಇನ್ನು ಯಾವುದನ್ನು ನಂಬಿ ಬಾಳುವುದು ಎನ್ನಿಸಿಬಿಟ್ಟಿತ್ತು.

ಪಕ್ಕದ ಮನೆಯ ದೊಡ್ಡವ್ವ ಬಂದಳು. ಸಮಾಧಾನದ ಒಂದು ಮಾತೂ ಆಡಲಿಲ್ಲ. "ಹೊಳೆಗೆ ಮನೆ ಕಳೆದುಕೊಂಡವರಿಗೆ ಮನೆಗೆ ಇಪ್ಪತ್ತೈದು ರೊಟ್ಟಿ ಕೊಡಲು ಓಣಿಯವರು ಒಪ್ಪಿದ್ದಾರೆ. ನಿನ್ನ ಒಲೆ ನೆನೆದಿದ್ದರೆ ನನ್ನ ಒಲೆಗೆ ಬಾರವ್ವ" ಎಂದಳು.

ಜೋಳದ ಹಿಟ್ಟಿಗೆ ಗೋದಿಯ ಜಿಗುಟಿಲ್ಲ. ಕುದಿಯುವ ಎಸರು ಸುರಿದು, ಕೈ ಸುಡುವಾಗಲೇ ನಾದಬೇಕು. ಇಲ್ಲವಾದರೆ ತಟ್ಟುವಾಗ ಅಂಚು ಬಿರಿಯುತ್ತದೆ. ದೂರ ಹೋಗುವ ರೊಟ್ಟಿ ಕಡಕ್ ಆಗಿರಬೇಕು, ತೇವ ಉಳಿದರೆ ಬೂಸು ಹಿಡಿಯುತ್ತದೆ. ಒಣಗಿಸಲು ಬಿಸಿಲೆಲ್ಲಿ? ಬೆಂದದ್ದನ್ನು ಒಲೆಯ ಮಗ್ಗುಲಿಗೆ ಆನಿಸಿ, ಮತ್ತೆ ಮತ್ತೆ ತಿರುವಿಟ್ಟೆವು. ಹಸಿ ಕಟ್ಟಿಗೆಯ ಹೊಗೆ ಮನೆ ತುಂಬಿತ್ತು. ಬಕ್ರೀದ್‌ಗೆ ಎರಡೇ ದಿನ ಉಳಿದಿತ್ತು. ಮೂಲೆಮನೆಯ ಚಾಚಿ ಹಬ್ಬದ ಕೆಲಸ ಬಿಟ್ಟು ಶೇಂಗಾ ಚಟ್ನಿ ಕುಟ್ಟಿ ತಂದರು. ಸಂಜೆ ಹಳೆಯ ಧೋತರದಲ್ಲಿ ಕಟ್ಟಿ ಎಣಿಸಿದಾಗ ಆರುನೂರು ದಾಟಿತ್ತು. ಬಿದ್ದ ಗೋಡೆ ಅಲ್ಲಿಯವರೆಗೆ ನನಗೆ ನೆನಪೇ ಆಗಿರಲಿಲ್ಲ.

ಮರುದಿನ ಟ್ರ್ಯಾಕ್ಟರಿನಲ್ಲಿ ಗಂಜಿ ಕೇಂದ್ರಕ್ಕೆ ಹೋದೆವು. ಶಾಲೆಯ ಕೋಣೆಗಳಲ್ಲಿ ಜನ ಗೋಡೆಗೆ ಒರಗಿ ಕುಳಿತಿದ್ದರು, ಥೇಟ್ ನಾನು ಕುಳಿತ ಹಾಗೆಯೇ. ಅದನ್ನು ಕಂಡಾಗ ಎದೆ ಕಲಕಿತು. ನನ್ನದು ಒಂದು ಗೋಡೆ, ಅವರದು ಇಡೀ ಊರು. ಹಿರಿಯ ಹೆಂಗಸೊಬ್ಬರು ರೊಟ್ಟಿ ಮುರಿದು ಅಂಚನ್ನು ಬೆರಳಿನಿಂದ ಸವರಿ ನೋಡಿದರು.

"ಯಾರು ತಟ್ಟಿದ್ದವ್ವ ಇದು? ಚೆಂದ ಬಂದಿದೆ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿ ಹೇಳಿದರು: "ಇನ್ನೊಮ್ಮೆ ಬಂದರೆ ರೊಟ್ಟಿ ಬೇಡ. ಹಿಟ್ಟು ತನ್ನಿ, ಹಂಚು ತನ್ನಿ. ನಾಲ್ಕು ದಿನದಿಂದ ಬರೀ ಕೈ ಚಾಚಿ ಕುಳಿತಿದ್ದೇವೆ."

ನನಗಾಗಲೀ ದೊಡ್ಡವ್ವನಿಗಾಗಲೀ ಅದು ಹೊಳೆದಿರಲಿಲ್ಲ. ಮಾರನೆಯ ದಿನ ಓಣಿಯಿಂದ ನಾಲ್ಕು ಹಂಚು, ಎರಡು ಚೀಲ ಹಿಟ್ಟು, ಒಣ ಕಟ್ಟಿಗೆ ಒಯ್ದೆವು. ಶಾಲೆಯ ಪಡಸಾಲೆಯಲ್ಲಿ ಕಲ್ಲು ಹೂಡಿ ಒಲೆ ಮಾಡಿದರು. ಆ ಹಿರಿಯರು ಸೆರಗು ಬಿಗಿದು, ಮೊದಲ ಹಿಡಿ ಹಿಟ್ಟನ್ನು ತಾವೇ ನಾದಿದರು. ನನಗೆ ಉಳಿದ ಕೆಲಸ ಒಲೆಗೆ ಕಟ್ಟಿಗೆ ಒಟ್ಟುವುದೊಂದೇ.