ಕೊಟೇಶನ್ ಹಾಳೆಯ ಮುಂದೆ ಒಂದು ಶನಿವಾರ

ಶಿವಮೊಗ್ಗದ ಕಾರು ಶೋರೂಮಿನಲ್ಲಿ ಹುಡುಗ ಕೊಟೇಶನ್ ಹಾಳೆ ತಂದು ಮೇಜಿನ ಮೇಲಿಟ್ಟ. ಅಪ್ಪಯ್ಯ ಕನ್ನಡಕ ಏರಿಸಿಕೊಂಡು ಕೆಳಗಿನ ಸಾಲಿನಿಂದ ಮೇಲಕ್ಕೆ ಓದತೊಡಗಿದರು. ಅಡಿಕೆ ಮಂಡಿಯ ಪಟ್ಟಿಯನ್ನೂ ಅವರು ಓದುವುದು ಹಾಗೆಯೇ. ಮೊದಲು ಒಟ್ಟು ಮೊತ್ತ, ಆಮೇಲೆ ಅದು ಎಲ್ಲೆಲ್ಲಿಂದ ಬಂತು ಅನ್ನುವ ವಿಚಾರಣೆ. ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ಬೆರಳು ನಿಂತಿತು.

"ಎಸೆನ್ಶಿಯಲ್ ಕಿಟ್, 39,800 ರೂಪಾಯಿ. ಇದೆಂತದು ಮಾರಾಯ?"

"ಅದು ಎಲ್ಲಾ ಗಾಡಿಗೂ ಬರುತ್ತೆ ಯಜಮಾನ್ರೇ," ಅಂದ ಹುಡುಗ.

"ಬರುತ್ತೆ ಅಂದ್ರೆ ಕಂಪನಿಯಿಂದ ಬರುತ್ತೋ, ನೀವು ಹಾಕೋದೋ?"

ಹುಡುಗ ಒಂದು ಕ್ಷಣ ಸುಮ್ಮನಾಗಿ, "ನಾವು ಹಾಕೋದು," ಅಂದ. ಇನ್ನೊಂದು ಹಾಳೆ ತಂದ. ಅದರಲ್ಲಿ ಸೀಟ್ ಕವರ್, ಮ್ಯಾಟ್, ಮಡ್ ಫ್ಲ್ಯಾಪ್, ಡೋರ್ ವೈಸರ್, ಕ್ರೋಮ್ ಪಟ್ಟಿ, ಬಂಪರ್ ಮೂಲೆಗೆ ಅಂಟಿಸುವ ರಬ್ಬರು, ಬಾಡಿ ಕವರ್, ಪರ್ಫ್ಯೂಮ್, ಅಡಿಭಾಗಕ್ಕೆ ಕೋಟಿಂಗ್, ಮೇಲ್ಭಾಗಕ್ಕೆ ಇನ್ನೊಂದು ಕೋಟಿಂಗ್ ಎಲ್ಲ ಇದ್ದವು. ನಾವು ಇದರಲ್ಲಿ ಒಂದನ್ನೂ ಕೇಳಿರಲಿಲ್ಲ.

ಹತ್ತೂವರೆಗೆ ಒಳಗೆ ಹೋದವರು ಹೊರಗೆ ಬಂದಾಗ ಮಧ್ಯಾಹ್ನ ಮೂರು ದಾಟಿತ್ತು. ಆ ನಾಲ್ಕೂವರೆ ಗಂಟೆ ಪೂರ್ತಿ ನನ್ನ ತಲೆಯಲ್ಲಿದ್ದದ್ದು ಆಗುಂಬೆ ಘಾಟಿಯ ಒಂದು ಬೆಳಗು. ಅದನ್ನು ಹೇಳದಿದ್ದರೆ ನಾವು ಮಾಡಿದ ಆಯ್ಕೆ ಯಾರಿಗೂ ಅರ್ಥವಾಗಲಿಕ್ಕಿಲ್ಲ.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ರಸ್ತೆಯಲ್ಲಿದೆ. ಎರಡು ತಿಂಗಳಿಗೊಮ್ಮೆ ಅಮ್ಮನನ್ನು ಘಾಟಿ ಇಳಿದು ಮಣಿಪಾಲದ ಆಸ್ಪತ್ರೆಗೆ ತೋರಿಸಲು ಕರೆದುಕೊಂಡು ಹೋಗಬೇಕು. ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಊರು ಆಗುಂಬೆ, ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ಹಿಂದಿನ ಜುಲೈನಲ್ಲಿ ಬೆಳಿಗ್ಗೆ ಆರೂವರೆಗೆ ಹಳೇ ಕಾರಿನಲ್ಲಿ ಇಳಿಯುತ್ತಿದ್ದೆವು. ಒಂದು ತಿರುವಿನಲ್ಲಿ ಕೆಳಗಿನಿಂದ ಮಿನಿ ಬಸ್ಸು ಬಂತು. ಘಾಟಿಯಲ್ಲಿ ಹತ್ತುವ ಗಾಡಿಗೆ ದಾರಿ ಬಿಡಬೇಕು, ನಾನೇ ಹಿಂದೆ ಸರಿಯಬೇಕಿತ್ತು. ತಿರುಗಿ ನೋಡಿದರೆ ಹಿಂದಿನ ಗಾಜು ಬೆಳ್ಳಗೆ ಮುಚ್ಚಿಹೋಗಿದೆ. ಹೊರಗೆ ಮಳೆ, ಒಳಗೆ ನಾಲ್ಕು ಜನರ ಉಸಿರಿನ ಮಂಜು. ಆ ಕಾರಿಗೆ ಹಿಂದೆ ವೈಪರೂ ಇರಲಿಲ್ಲ, ಗಾಜಿನ ಮಂಜು ಕರಗಿಸುವ ಡಿಫಾಗರೂ ಇರಲಿಲ್ಲ. ಕನ್ನಡಿಗಳಲ್ಲಿ ನೀರು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ನಾನು ಬೇಡ ಅನ್ನುವಷ್ಟರಲ್ಲಿ ಅಪ್ಪಯ್ಯ ಕೊಡೆ ಬಿಚ್ಚಿಕೊಂಡು ಇಳಿದಿದ್ದರು. ಹಿಂದೆ ಹೋಗಿ ಅಂಗೈಯಲ್ಲಿ ಡಿಕ್ಕಿಗೆ ಬಡಿದರು. ಒಂದು ಸಲ ಬಡಿದರೆ ಬಾ, ಎರಡು ಸಲ ಬಡಿದರೆ ನಿಲ್ಲು. ಟಪ್. ಕ್ಲಚ್ ಬಿಟ್ಟೆ. ಟಪ್. ಇನ್ನಷ್ಟು ಬಿಟ್ಟೆ. ಮಳೆಯ ಸದ್ದಿನಲ್ಲಿ ಆ ಟಪ್ಪಿಗೆ ಕಿವಿಗೊಟ್ಟು ಕೂತಿದ್ದಾಗ ನನಗೆ ತಟ್ಟನೆ ಹೊಳೆಯಿತು. ರಿವರ್ಸ್ ಗೇರಿನಲ್ಲಿರುವ ಗಾಡಿಯ ಬೆನ್ನಿಗೆ, ಪಾಚಿ ಹಿಡಿದ ರಸ್ತೆಯ ಮೇಲೆ, 68 ವರ್ಷದ ಮನುಷ್ಯ ನಿಂತಿದ್ದಾರೆ. ಅವರು ಎಲ್ಲಿದ್ದಾರೆಂದು ನನಗೆ ಕಾಣುತ್ತಿಲ್ಲ. ಜಾರಿದರೆ ಎರಡನೇ ಟಪ್ ಬರುವುದೇ ಇಲ್ಲ. ಬಸ್ಸು ದಾಟಿಹೋದ ಮೇಲೂ ಐದು ನಿಮಿಷ ಗಾಡಿ ಎಬ್ಬಿಸಲು ನನ್ನ ಕಾಲು ಬರಲಿಲ್ಲ.

ಈಗ ಶೋರೂಮಿಗೆ ಬರೋಣ. ಒಂದೇ ಕಾರು ಸೌಲಭ್ಯಕ್ಕೆ ತಕ್ಕಂತೆ ಬೇರೆ ಬೇರೆ ಬೆಲೆಯ ವೇರಿಯಂಟುಗಳಲ್ಲಿ ಬರುತ್ತದೆ. ನಮ್ಮ ಮನಸ್ಸಿನಲ್ಲಿದ್ದದ್ದು ಎರಡನೇ ವೇರಿಯಂಟ್, ಎಕ್ಸ್‌ ಶೋರೂಮ್ ಬೆಲೆ, ಅಂದರೆ ತೆರಿಗೆ, ಇನ್ಶೂರೆನ್ಸ್ ಸೇರುವ ಮುಂಚಿನದು, 7,65,000. ಅದಕ್ಕೆ ಹಿಂದಿನ ವೈಪರ್ ಇಲ್ಲ, ಡಿಫಾಗರ್ ಇಲ್ಲ, ಏರ್‌ಬ್ಯಾಗ್ ಮುಂದೆ ಎರಡು ಮಾತ್ರ. ಮೂರನೇ ವೇರಿಯಂಟಿಗೆ ಇವೆಲ್ಲ ಇವೆ, ಏರ್‌ಬ್ಯಾಗ್ ಆರು, ಬೆಲೆ 8,55,000. ತೊಂಬತ್ತು ಸಾವಿರದ ಅಂತರ.

"ವೈಪರ್ ತಾನೇ ಸರ್, ಆಮೇಲೆ ಹೊರಗೆ ಹಾಕಿಸಿಕೊಳ್ಳಬಹುದು," ಅಂದ ಹುಡುಗ. ಹಾಗಲ್ಲ. ಡಿಫಾಗರ್ ಅಂದರೆ ಗಾಜಿನ ಮೇಲೆ ಅಡ್ಡಡ್ಡ ಕಾಣುವ ತೆಳು ಗೆರೆಗಳು, ಕರೆಂಟು ಹರಿದಾಗ ಬಿಸಿಯಾಗಿ ಮಂಜು ಕರಗಿಸುತ್ತವೆ. ಕಾರ್ಖಾನೆಯಲ್ಲಿ ಅವು ಗಾಜಿನ ಜೊತೆಗೇ ಹುಟ್ಟುತ್ತವೆ. ವೈಪರಿಗೆ ಡಿಕ್ಕಿ ಬಾಗಿಲಿನೊಳಗೆ ಮೋಟಾರು ಬೇಕು, ಗಾಜಿನಲ್ಲಿ ತೂತು ಬೇಕು, ಮುಂದಿನಿಂದ ಹಿಂದಿನವರೆಗೆ ವೈರು ಎಳೆಯಬೇಕು. ಏರ್‌ಬ್ಯಾಗಂತೂ ಯಾವ ಅಂಗಡಿಯಲ್ಲೂ ಹಾಕಿಸುವಂಥದ್ದಲ್ಲ. ಮ್ಯಾಟು, ಸೀಟ್ ಕವರು, ಸ್ಪೀಕರು, ರಿವರ್ಸ್ ಕ್ಯಾಮೆರಾ ಇವೆಲ್ಲ ನಾಳೆಯೂ ಸಿಗುತ್ತವೆ, ಮುಂದಿನ ವರ್ಷವೂ ಸಿಗುತ್ತವೆ. ಗಾಡಿಯ ಮೈಯೊಳಗೆ ಹುಟ್ಟಿಬರುವುದನ್ನೂ ಮೈಮೇಲೆ ತೊಡಿಸುವುದನ್ನೂ ಒಂದೇ ಹಾಳೆಯಲ್ಲಿ ಬೆರೆಸಿ ಕೊಟ್ಟರೆ ಕೊಳ್ಳುವವನ ಲೆಕ್ಕ ತಪ್ಪುತ್ತದೆ. ಕ್ರೋಮ್ ಪಟ್ಟಿ, ಕೋಟಿಂಗು ಅಂತ ನಲವತ್ತು ಸಾವಿರ ತೆತ್ತು, ದುಡ್ಡು ಸಾಲದೆ ಕೆಳಗಿನ ವೇರಿಯಂಟಿಗೆ ಇಳಿದವರನ್ನು ನಮ್ಮೂರಲ್ಲೇ ನೋಡಿದ್ದೇನೆ. ನೋಡಿ ಸಂಕಟಪಟ್ಟಿದ್ದೇನೆ.

ಅಪ್ಪಯ್ಯ ಕೊಟೇಶನ್ನಿನ ಹಿಂಬದಿಯಲ್ಲೇ ಲೆಕ್ಕ ಹಾಕಿದರು. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದೊಳಗಿನ ಕಾರಿಗೆ ಆಜೀವ ತೆರಿಗೆ ಶೇ. 14, ಸೆಸ್ ಬೇರೆ. ತೊಂಬತ್ತು ಸಾವಿರಕ್ಕೆ ತೆರಿಗೆ 12,600. ಒಟ್ಟು ಒಂದು ಲಕ್ಷ ಎರಡು ಸಾವಿರದ ಆರುನೂರು. ಕಿಟ್ ಕೈಬಿಟ್ಟರೆ ಅದರಲ್ಲಿ ಮೂವತ್ತೊಂಬತ್ತು ಸಾವಿರದ ಎಂಟುನೂರು ಉಳಿಯಿತು. ಇನ್ನುಳಿದ ಅರವತ್ತೆರಡು ಸಾವಿರದ ಎಂಟುನೂರಕ್ಕೆ ಅವರು ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತರು. "ಘಾಟಿಯಲ್ಲಿ ಇಳಿದು ಬಡಿಯೋದು ತಪ್ಪುತ್ತಲ್ಲ, ಆಗಲಿ," ಅಂದರು. ಆ ಬೆಳಗನ್ನು ಅವರೂ ಮರೆತಿಲ್ಲ ಅಂತ ನನಗೆ ಗೊತ್ತಾದದ್ದು ಆಗಲೇ.

ನಾವು ಒಂದು ಮೆಟ್ಟಿಲು ಹತ್ತಿದ್ದನ್ನು ಕಂಡ ಹುಡುಗ ಇನ್ನೆರಡು ಹತ್ತಿಸಲು ನೋಡಿದ. ಮೇಲಿನ ವೇರಿಯಂಟ್, ಸನ್‌ರೂಫ್ ಇರುವುದು, 10,35,000. ನಾಲ್ಕು ವರ್ಷದ ಮಗಳು ಆಗಲೇ ಅದರೊಳಗೆ ನಿಂತು ಮೇಲಕ್ಕೆ ಕೈ ಚಾಚಿದ್ದಳು. ಅವಳ ಮುಖ ನೋಡಿ ನನ್ನ ಮನಸ್ಸೂ ಕರಗಿತು, ಸುಳ್ಳು ಹೇಳುವುದಿಲ್ಲ. ಆದರೆ ಹತ್ತು ಲಕ್ಷ ದಾಟಿದ ಕೂಡಲೇ ತೆರಿಗೆ ಶೇ. 17 ಆಗುತ್ತದೆ, ಮತ್ತು ಅದು ದಾಟಿದ ಮೂವತ್ತೈದು ಸಾವಿರಕ್ಕಲ್ಲ, ಇಡೀ ಬೆಲೆಗೆ. ಮೂರನೇ ವೇರಿಯಂಟಿಗೆ 1,19,700 ಆಗುವ ತೆರಿಗೆ ಇಲ್ಲಿ 1,75,950. ಮೇಲಿಂದ ಒಂದು ಪರ್ಸೆಂಟ್ ಟಿಸಿಎಸ್ (ಮಾರುವವರು ನಮ್ಮಿಂದ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ಮೊದಲೇ ಕಟ್ಟಬೇಕು, ಆಮೇಲೆ ಆದಾಯ ತೆರಿಗೆ ರಿಟರ್ನ್ ಹಾಕಿದಾಗ ಹೊಂದಿಸಿಕೊಳ್ಳಬಹುದು. ಸನ್‌ರೂಫಿನ ಅಂಚಿಗೆ ಬಿದ್ದ ನೀರು ಸಣ್ಣ ಕೊಳವೆಗಳಲ್ಲಿ ಇಳಿದುಹೋಗಬೇಕು. ಹಲಸಿನ ಮರದಡಿ ಗಾಡಿ ನಿಲ್ಲಿಸುವ ನಮ್ಮಂಥವರ ಮನೆಯಲ್ಲಿ ಆ ಕೊಳವೆಗೆ ತರಗೆಲೆ ಕಸ ಕಟ್ಟಿಕೊಂಡರೆ ನೀರು ಒಳಗೆ. ಮಗಳನ್ನು ಎತ್ತಿಕೊಂಡು ಇಳಿಸಿದೆ. ಅವಳು ಅತ್ತಳು.

ಅಪ್ಪಯ್ಯನಿಗೆ ತಮ್ಮದೇ ಒಂದು ಆಸೆಯಿತ್ತು. ಮುಂದೆ ದಪ್ಪ ಕಬ್ಬಿಣದ ಗಾರ್ಡ್. "ರಾತ್ರಿ ಕಾಟಿ ಅಡ್ಡ ಬಂದ್ರೆ, ದನ ಮಲಗಿದ್ರೆ? ಈ ಬಂಪರ್ ಬರೀ ಪ್ಲಾಸ್ಟಿಕ್ಕು." ಅವರ ಭಯ ನಿಜವಾದದ್ದು. ನಮ್ಮ ರಸ್ತೆಯಲ್ಲಿ ಕಾಟಿಗಳ, ಅಂದರೆ ಕಾಡುಕೋಣಗಳ, ಗುಂಪು ದಾಟುವುದು ಹೊಸದೇನಲ್ಲ. ಅವರಿಗೆ ನಿಧಾನವಾಗಿ ವಿವರಿಸಿದೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯವೇ ಇಂಥ ಗಾರ್ಡ್ ಹಾಕಿದವರ ಮೇಲೆ ಕ್ರಮ ಕೈಗೊಳ್ಳಿ ಅಂತ ರಾಜ್ಯಗಳಿಗೆ ಬರೆದಿದೆ. ಗುದ್ದಿದಾಗ ಮುಂಭಾಗ ಮುದುಡಿ ಪೆಟ್ಟನ್ನು ತಾನು ನುಂಗಬೇಕು, ಹಾಗೆಂದೇ ಅದನ್ನು ಮಾಡಿರುತ್ತಾರೆ. ನಡುವೆ ಕಬ್ಬಿಣ ಕೂತರೆ ಪೆಟ್ಟು ನೇರ ಚಾಸಿಗೆ, ಅಲ್ಲಿಂದ ಒಳಗೆ ಕೂತವರಿಗೆ. ಏರ್‌ಬ್ಯಾಗಿನ ಸೆನ್ಸರ್‌ಗೂ ಲೆಕ್ಕ ತಪ್ಪಬಹುದು. ಎದುರಿಗೆ ನಡೆದು ಬರುವವರಿಗೆ ತಗುಲಿದರಂತೂ ಕೇಳುವುದೇ ಬೇಡ. ಅಪ್ಪಯ್ಯ ಒಪ್ಪಿದರೋ ಇಲ್ಲವೋ, "ಹಾಗಾದ್ರೆ ನೀನು ರಾತ್ರಿ ನಿಧಾನ ಹೋಗ್ಬೇಕು" ಅಂದರು. ಹೋಗುತ್ತೇನೆ ಅಂದೆ.

ಸೀಟ್ ಕವರ್ ಬೇಕೆಂದದ್ದು ಅಮ್ಮ. ಹುಡುಗ ಮಾದರಿ ತೋರಿಸಲು ಡಿಸ್‌ಪ್ಲೇ ಗಾಡಿಯ ಸೀಟಿಗೆ ಒಂದನ್ನು ಎಳೆದು ತೊಡಿಸಿದ. ಬಣ್ಣ ಚೆನ್ನಾಗಿತ್ತು. ನಾನು ಬಾಗಿಲ ಕಡೆಯಿಂದ ಬಗ್ಗಿ ನೋಡಿದೆ. ಸೀಟಿನ ಪಕ್ಕದ ಹೊಲಿಗೆಯಲ್ಲಿ ಏರ್‌ಬ್ಯಾಗ್ ಅಂತ ಬರೆದ ಉಗುರಗಲದ ಬಟ್ಟೆಚೀಟಿ ಇತ್ತು, ಕವರು ಅದನ್ನು ಪೂರ್ತಿ ಮುಚ್ಚಿತ್ತು. ಪಕ್ಕದ ಏರ್‌ಬ್ಯಾಗ್ ಸಿಡಿದು ಬರುವುದು ಅದೇ ಹೊಲಿಗೆಯನ್ನು ಹರಿದುಕೊಂಡು. ತೊಂಬತ್ತು ಸಾವಿರ ಹೆಚ್ಚು ಕೊಟ್ಟು ತಂದ ಏರ್‌ಬ್ಯಾಗಿನ ಬಾಯಿಗೆ ನಾವೇ ದಪ್ಪ ರೆಕ್ಸಿನ್ ಕಟ್ಟಿದ ಹಾಗಾಗುತ್ತಿತ್ತು. ಅಲ್ಲಿ ಜಾಗ ಬಿಟ್ಟು ಹೊಲಿದದ್ದು ಇದೆಯಾ ಅಂತ ಕೇಳಿದೆ. ಅವರಲ್ಲಿರಲಿಲ್ಲ. ಅಮ್ಮನಿಗೆ ಚೀಟಿ ಮುಟ್ಟಿಸಿ ತೋರಿಸಿದೆ. "ಬೇಡ ಬಿಡು, ಮೇಲೊಂದು ಟವೆಲ್ ಹಾಸಿಕೊಳ್ತೇನೆ" ಅಂದರು. ಇವತ್ತಿಗೂ ಟವೆಲ್ಲೇ ಇದೆ.

ಸಣ್ಣಪುಟ್ಟದ್ದು ಬೇಗ ಮುಗಿಯಿತು. ಮಡ್ ಫ್ಲ್ಯಾಪ್ ತೆಗೆದುಕೊಂಡೆವು, ನಮ್ಮ ಕೆಂಪು ಮಣ್ಣಿಗೆ ಅದಿಲ್ಲದೆ ಆಗುವುದಿಲ್ಲ. ಇಲಿ ಒಳಹೊಗದಂತೆ ಹಾಕುವ ಜಾಲರಿ ತೆಗೆದುಕೊಂಡೆವು. ಹಳೇ ಕಾರಿನ ವೈರು ಎರಡು ಸಲ ಇಲಿಗೆ ಆಹಾರವಾಗಿತ್ತು. ಅಡಿಭಾಗದ ಕೋಟಿಂಗ್ ಬೇಡ ಅಂದೆ. ತಯಾರಿಸುವಾಗಲೇ ಬಾಡಿಯನ್ನು ತುಕ್ಕು ತಡೆಯುವ ಬಣ್ಣದ ತೊಟ್ಟಿಯಲ್ಲಿ ಅದ್ದಿ ತೆಗೆದಿರುತ್ತಾರೆ. ಮಳೆಗಾಲದಲ್ಲಿ ಅಡಿಗೆ ನೀರು ಬಿಟ್ಟು ಕೆಸರು ತೊಳೆದರೆ ನಮಗೆ ಸಾಕು.

ಧಾರಾಳವಾಗಿ ದುಡ್ಡು ಕೊಟ್ಟದ್ದು ಇನ್ಶೂರೆನ್ಸಿನ ಹೆಚ್ಚುವರಿಗಳಿಗೆ. ಮೂರು ವರ್ಷದ ಥರ್ಡ್ ಪಾರ್ಟಿ ಹೊಸ ಕಾರಿಗೆ ಹೇಗೂ ಕಡ್ಡಾಯ. ಅದರ ಮೇಲೆ, ಸವಕಳಿ ಕಳೆಯದೆ ಭಾಗಗಳ ಬೆಲೆ ಕೊಡುವ ಝೀರೋ ಡೆಪ್ ಹಾಕಿಸಿದೆ. ಮಾಮೂಲಿ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ದುಡ್ಡು ನಾವೇ ಹಾಕಬೇಕು, ಇವತ್ತಿನ ಗಾಡಿಯ ಮುಂದೆ ಹಿಂದೆ ಇರುವುದೆಲ್ಲ ಪ್ಲಾಸ್ಟಿಕ್ಕೇ. ಎಂಜಿನ್ ಪ್ರೊಟೆಕ್ಷನ್ನನ್ನೂ ಹಾಕಿಸಿದೆ. ಮೋರಿಯ ಮೇಲೆ ನೀರು ಹರಿಯುವಾಗ ದಾಟಲು ಹೋಗಿ ಎಂಜಿನ್ನಿಗೆ ನೀರು ಎಳೆದುಕೊಂಡರೆ ಮಾಮೂಲಿ ಪಾಲಿಸಿ ಆ ನಷ್ಟವನ್ನು ಸಾಮಾನ್ಯವಾಗಿ ತುಂಬಿಕೊಡುವುದಿಲ್ಲ. ಶೋರೂಮಿನವರು ಹೇಳಿದ ಪ್ರೀಮಿಯಂಗಿಂತ ಹೊರಗೆ ಹನ್ನೊಂದು ಸಾವಿರ ಕಡಿಮೆಗೆ ಸಿಕ್ಕಿತು. "ಹೊರಗಿಂದ ತಂದ್ರೆ ಡಿಸ್ಕೌಂಟ್ ಇಲ್ಲ ಸರ್" ಅಂದ ಹುಡುಗ. ಪಾಲಿಸಿ ಎಲ್ಲಿಂದ ಬೇಕಾದರೂ ತರುವ ಹಕ್ಕು ಕೊಳ್ಳುವವನದು. ನೀವು ಈಗ ಹೇಳಿದ್ದನ್ನೇ ಬರೆದು ಸಹಿ ಹಾಕಿ ಕೊಡಿ ಅಂದೆ. ಅವನು ಮ್ಯಾನೇಜರ ಹತ್ತಿರ ಹೋಗಿ ಬಂದ. ಡಿಸ್ಕೌಂಟ್ ಉಳಿಯಿತು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೂ ತಿಂಗಳ ಟಾರ್ಗೆಟ್ ಇರುತ್ತದೆ.

ಅಷ್ಟುದ್ದದ ಪಟ್ಟಿಯಲ್ಲಿ ಒಂದು ವಸ್ತು ಮಾತ್ರ ಇರಲೇ ಇಲ್ಲ. ಮಗುವಿನ ಸೀಟು. ಕೇಳಿದ್ದಕ್ಕೆ ತರಿಸಿ ಕೊಡಬಹುದು, ಯಾರೂ ಕೇಳುವುದಿಲ್ಲ ಅಂದ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಬೆಲ್ಟಾಗಲಿ ಮಕ್ಕಳ ಸೀಟಾಗಲಿ ಇಲ್ಲದೆ ಕೂರಿಸಿದರೆ ಸಾವಿರ ರೂಪಾಯಿ ದಂಡ ಅಂತ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲೇ ಇದೆ. ಪರ್ಫ್ಯೂಮಿಗೆ ಜಾಗವಿದ್ದ ಪಟ್ಟಿಯಲ್ಲಿ ಮಗುವಿಗೆ ಜಾಗವಿರಲಿಲ್ಲ, ಅದು ನನಗೆ ಬಹಳ ನೋವು ಕೊಟ್ಟಿತು. ಹೊರಗೆ 11,500 ಕೊಟ್ಟು ಒಂದನ್ನು ತರಿಸಿದೆ. ಅಪ್ಪಯ್ಯನಿಗೆ ಸಮಾಧಾನ ಇರಲಿಲ್ಲ. "ಮಡಿಲಲ್ಲಿ ಗಟ್ಟಿ ಹಿಡ್ಕೊಂಡು ಕೂತ್ರೆ ಆಗಲ್ವಾ? ನಿನ್ನನ್ನ ಹಾಗೇ ಕರ್ಕೊಂಡು ಓಡಾಡಿದ್ದು."

ಗಾಡಿ ಮನೆಗೆ ಬಂದ ಸಂಜೆ ಅಂಗಳದಲ್ಲೇ ಸೀಟು ಜೋಡಿಸಿದೆ. ಹಿಂದಿನ ಸೀಟಿನ ಸಂದಿಯಲ್ಲಿ ಐಸೋಫಿಕ್ಸಿನ ಎರಡು ಉಕ್ಕಿನ ಕೊಂಡಿಗಳಿವೆ, ಚಾಸಿಗೇ ಬೆಸುಗೆ ಹಾಕಿದ್ದು. ಮಗುವಿನ ಸೀಟಿನ ಎರಡು ಕೈಗಳನ್ನು ಅದಕ್ಕೆ ಒತ್ತಿದರೆ ಟಕ್ ಅಂತ ಕಚ್ಚಿಕೊಂಡು ಹಸಿರು ಗುರುತು ಕಾಣುತ್ತದೆ. ಅಪ್ಪಯ್ಯ ಜಗಲಿಯಿಂದ ಇಳಿದು ಬಂದರು. ಅಡಿಕೆ ಕೊಯ್ಯುವ ಕೊನೆಗಾರ ಮರ ಏರುವ ಮುಂಚೆ ಹಗ್ಗ ಜಗ್ಗಿ ನೋಡುತ್ತಾನಲ್ಲ, ಹಾಗೆ ಎರಡೂ ಕೈಯಲ್ಲಿ ಸೀಟು ಹಿಡಿದು, ಕಾಲು ಊರಿ ಜಗ್ಗಿದರು. ಇಡೀ ಕಾರು ಅಲುಗಿತು, ಸೀಟು ಕದಲಲಿಲ್ಲ. ಇನ್ನೊಂದು ಸಲ ಜಗ್ಗಿದರು. ಆಮೇಲೆ ಒಳಗೆ ಅಡುಗೆಮನೆ ಕಡೆಗೆ ತಿರುಗಿ ಕೂಗಿದರು:

"ಪುಟ್ಟಿ, ಬಾ ಇಲ್ಲಿ. ಕೂತು ನೋಡು."