ಬೆಳಿಗ್ಗೆ ತ್ರ್ಯಂಬಕೇಶ್ವರ, ಸಂಜೆ ದ್ರಾಕ್ಷಿ ತೋಟ

ಮಂಗಳೂರಿನಿಂದ ನಾಸಿಕ್‌ಗೆ ರೈಲು ಬದಲಿಸಬೇಕಿಲ್ಲ. ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ಮಂಗಳೂರು ಜಂಕ್ಷನ್‌ನಿಂದ ಉಡುಪಿ, ಕೊಂಕಣ ದಾರಿಯಾಗಿ ನೇರ ನಾಸಿಕ್ ರೋಡ್ ತಲುಪುತ್ತದೆ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ; ಹಳೇ ಸಮಯ ನಂಬಿ ಹೊರಟರೆ ರೈಲು ತಪ್ಪುತ್ತದೆ.

ತ್ರ್ಯಂಬಕ ನಾಸಿಕ್‌ನಿಂದ ಸುಮಾರು 30 ಕಿ.ಮೀ. ಸೋಮವಾರ, ಶ್ರಾವಣ ಎರಡನ್ನೂ ತಪ್ಪಿಸಿ, ಬೆಳಗಿನ ಜಾವವೇ ಸಾಲು ಹಿಡಿಯಿರಿ. ಇಲ್ಲಿ ಮೇಲೆದ್ದು ನಿಂತ ಲಿಂಗ ಹುಡುಕಬೇಡಿ. ಪೀಠದ ನಡುವೆ ಒರಳಿನಂಥ ಗುಳಿ, ಅದರೊಳಗೆ ಹೆಬ್ಬೆರಳಿನಷ್ಟು ಚಿಕ್ಕ ಮೂರು ಲಿಂಗಗಳು: ಬ್ರಹ್ಮ, ವಿಷ್ಣು, ಮಹೇಶ್ವರ. ಇದು ಗೊತ್ತಿಲ್ಲದವರು ಸಿಗುವ ಎರಡು ಕ್ಷಣವನ್ನೂ ಕಳೆದುಕೊಂಡು ಮುಂದೆ ಸಾಗುತ್ತಾರೆ, ಬೇಸರವಾಗುತ್ತದೆ. ಪಕ್ಕದ ಕುಶಾವರ್ತ ಕೊಳ ಬಿಡಬೇಡಿ.

ಹಲವು ವೈನ್ ತೋಟಗಳು ಗಂಗಾಪುರ ಅಣೆಕಟ್ಟಿನ ಸುತ್ತ. ಜನವರಿಯಿಂದ ಮಾರ್ಚ್‌ವರೆಗೆ ಕೊಯ್ಲು. ಹೋಗುವುದಾದರೆ ಆಗಲೇ ಹೋಗಬೇಕು. ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ, ಬೇಸಿಗೆಯಲ್ಲೊಮ್ಮೆ, ಮಳೆ ಮುಗಿದ ಮೇಲೊಮ್ಮೆ. ಹಣ್ಣು ಒಣ ಚಳಿಗಾಲದಲ್ಲಿ ಮಾಗಲಿ ಎಂಬುದೇ ಲೆಕ್ಕ. ಮಳೆಯಲ್ಲಿ ಗೊಂಚಲು ಬಿಟ್ಟರೆ ಬೂಷ್ಟು. ಅಡಿಕೆಗೆ ಕೊಳೆರೋಗ ಕಂಡ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ರುಚಿ ನೋಡುವಾಗ ಗ್ಲಾಸನ್ನು ಕಾಂಡದಲ್ಲಿ ಹಿಡಿಯಿರಿ, ಅಂಗೈ ಬಿಸಿಗೆ ಬಿಳಿ ವೈನಿನ ತಂಪು ಹೋಗಿ ರುಚಿ ಕೆಡುತ್ತದೆ. ಬಿಳಿ ವೈನ್ ಶೆನಿನ್ ಬ್ಲಾಂಕ್ ಮೊದಲು, ಕೆಂಪು ವೈನ್ ಶಿರಾಜ್ ಆಮೇಲೆ. ಚಾಲಕನಿರುವ ಕಾರನ್ನೇ ಗೊತ್ತುಮಾಡಿ. ಬಾಟಲಿ ಊರಿಗೆ ತರುವ ಆಸೆ ಬೇಡ: ರೈಲಿನಲ್ಲಿ, ರಾಜ್ಯದ ಗಡಿಯಲ್ಲಿ ಅಬಕಾರಿ ನಿಯಮದ ತೊಡಕಿದೆ.