ಪಾಠ ಇರುವುದು ಹಬ್ಬದ ಹಿಂದಿನ ವಾರದಲ್ಲಿ

ಶಾಲೆಯಲ್ಲಿ ಹಬ್ಬ ಅಂದರೆ ಈಗ ಏನು ಅಂತ ತಿಳಿಯಬೇಕಾದರೆ ಸಂಕ್ರಾಂತಿಯ ಹಿಂದಿನ ದಿನ ಯಾವುದಾದರೂ ಶಿಕ್ಷಕರ ವಾಟ್ಸಾಪ್ ಗ್ರೂಪ್ ತೆಗೆದು ನೋಡಿ. ಲಂಗ ಬ್ಲೌಸ್ ಹಾಕಿದ ಹುಡುಗಿಯರು, ಜಾರುವ ಪಂಚೆ ಹಿಡಿದುಕೊಂಡ ಹುಡುಗರು, ಮಧ್ಯೆ ಬಣ್ಣ ಬಳಿದ ಮಡಕೆ, ಹಿಂದೆ ಫ್ಲೆಕ್ಸು. ಚೆನ್ನಾಗಿಯೇ ಇರುತ್ತದೆ, ಬೇಡ ಅನ್ನುವುದಿಲ್ಲ. ಆದರೆ ಇಡೀ ದಿನ ಮಕ್ಕಳ ಕೈಗೆ ಒಂದು ಕೆಲಸವೂ ಇರುವುದಿಲ್ಲ ನೋಡಿ. ಎಲ್ಲಾ ನಾವೇ ಮಾಡಿ ಮುಗಿಸಿರುತ್ತೇವೆ. ಅವರು ಬಂದು ನಿಲ್ಲಬೇಕು, ಅಷ್ಟೇ.

ನಾನಿರುವುದು ಚಿಕ್ಕಬಳ್ಳಾಪುರ ಜಿಲ್ಲೆ, ಶಿಡ್ಲಘಟ್ಟ ಕಡೆಯ ಒಂದು ಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ. ನಲಿ-ಕಲಿ ತರಗತಿ ನನ್ನದು. ಒಂದು, ಎರಡು, ಮೂರನೇ ತರಗತಿ ಒಂದೇ ಕೋಣೆಯಲ್ಲಿ, ನೆಲದ ಮೇಲೆ, ತಲೆ ಮೇಲೆ ಮಕ್ಕಳ ಚಿತ್ರಗಳ ಚಪ್ಪರ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ 2009-10ರಲ್ಲಿ ರಾಜ್ಯಕ್ಕೆಲ್ಲ ಬಂದ ಪದ್ಧತಿ ಇದು. ಮಗು ತಾನೇ ಮಾಡಿ, ತನ್ನ ವೇಗದಲ್ಲಿ ಕಲಿಯಬೇಕು ಅನ್ನುವುದೇ ಇದರ ಬುಡ. ವರ್ಷವೆಲ್ಲ ಹೀಗೆ ಕಲಿಸಿ, ಹಬ್ಬ ಬಂದ ಕೂಡಲೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿಬಿಟ್ಟರೆ ಅದೆಂಥ ನ್ಯಾಯ?

ನನಗೆ ಕೆಲಸ ಕಲಿಸಿದ್ದು ಇದು: ಹಬ್ಬಕ್ಕೆ ಮುಂಚೆ ಮನೆಗಳಲ್ಲಿ ಏನೆಲ್ಲ ಕೆಲಸ ನಡೆಯುತ್ತದೋ ಅದರಲ್ಲಿ ಪಾಠ ಇದೆ. ಬಿಡಿಸುವುದು, ಕೇರುವುದು, ಅಳೆಯುವುದು, ಹಂಚುವುದು. ಹಬ್ಬದ ದಿನ ತಿನ್ನುವುದಕ್ಕೆ ಬಿಟ್ಟುಬಿಡಿ.

ಮೊದಲು ಅವರೆಕಾಯಿ. ನಮ್ಮ ಕಡೆ ಡಿಸೆಂಬರ್ ಬಂತು ಅಂದರೆ ಊರೆಲ್ಲ ಸೊಗಡು. ಇಬ್ಬನಿ ಬಿದ್ದಷ್ಟೂ ಸೊಗಡು ಜಾಸ್ತಿ ಅಂತ ಎಲ್ಲರ ಮಾತು. ಮಕ್ಕಳಿಗೆ ‘ನಿಮ್ಮ ಹೊಲದಿಂದ, ಇಲ್ಲದಿದ್ದರೆ ಪಕ್ಕದವರ ಹೊಲದಿಂದ ಕೇಳಿಕೊಂಡು, ಒಂದೊಂದು ಹಿಡಿ ಕಾಯಿ ತನ್ನಿ’ ಅಂತ ಹೇಳುತ್ತೇನೆ. ಕೇಳಿಕೊಂಡು ಅನ್ನುವುದನ್ನು ಒತ್ತಿ ಹೇಳಬೇಕು, ಇಲ್ಲದಿದ್ದರೆ ಮಾರನೇ ದಿನ ಶಾಲೆ ಗೇಟಿನಲ್ಲಿ ಯಾರೋ ಒಬ್ಬರು ದೊಣ್ಣೆ ಹಿಡಿದು ನಿಂತಿರುತ್ತಾರೆ.

ಬಿಡಿಸುವುದಕ್ಕೆ ಮುಂಚೆ ಹೆಬ್ಬೆರಳಿನಲ್ಲಿ ಒತ್ತಿ ನೋಡಿ ಒಳಗೆ ಎಷ್ಟು ಕಾಳಿದೆ ಅಂತ ಹೇಳಬೇಕು. ಆಮೇಲೆ ಬಿಡಿಸಿ ಎಣಿಸಬೇಕು. ಮೂರಿದ್ದ ಸಿಪ್ಪೆ ಒಂದು ಕಡೆ, ನಾಲ್ಕಿದ್ದದ್ದು ಇನ್ನೊಂದು ಕಡೆ. ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಅಂಕಿ ಬರೆದು, ಪ್ರತಿ ಅಂಕಿಯ ಮೇಲೆ ಸಿಪ್ಪೆಗಳನ್ನು ಉದ್ದಕ್ಕೆ ಜೋಡಿಸಿಕೊಂಡು ಹೋದರೆ ಸ್ತಂಭನಕ್ಷೆ ತಾನಾಗಿಯೇ ಎದ್ದು ನಿಲ್ಲುತ್ತದೆ. ಒಂದು ಸಲ ಹೀಗೆ ಜೋಡಿಸಿದಾಗ ಐದರ ಸಾಲು ನಾಲ್ಕರ ಸಾಲಿಗಿಂತ ಉದ್ದ ಕಾಣಿಸಿತು. ಒಬ್ಬ ಹುಡುಗ, ಓದುವ ಕಾರ್ಡು ಕೊಟ್ಟರೆ ಬಾಯಿಯೇ ಬಿಡದವನು, ಬಗ್ಗಿ ಎರಡೂ ಸಾಲು ಎಣಿಸಿ ತೆಲುಗಿನಲ್ಲಿ ಜಗಳಕ್ಕೇ ನಿಂತ. ಮನೆಮಾತು ತೆಲುಗು, ನಮ್ಮ ಊರಿನಲ್ಲಿ ಅರ್ಧಕ್ಕರ್ಧ ಮಕ್ಕಳದ್ದು ಹಾಗೆಯೇ. ಅವನು ಹೇಳಿದ್ದು ಏನೆಂದರೆ, ಐದು ಕಾಳಿನ ಕಾಯಿಯೇ ಉದ್ದ ಇದೆ, ಅದಕ್ಕೆ ಸಾಲು ಉದ್ದ ಕಾಣುತ್ತಿದೆ, ಎಣಿಸಿದರೆ ನಾಲ್ಕರದ್ದೇ ಜಾಸ್ತಿ. ಸರಿ, ಏನು ಮಾಡೋಣ ಅಂತ ಕೇಳಿದೆ. ‘ಮನೆ ಹಾಕೋಣ, ಒಂದು ಮನೆಗೆ ಒಂದೇ ಕಾಯಿ’ ಅಂದಳು ಒಬ್ಬಳು. ಕುಂಟೆಬಿಲ್ಲೆ ಆಡುವವಳಿಗೆ ಮನೆ ಹಾಕುವುದು ಯಾರೂ ಹೇಳಿಕೊಡಬೇಕಾಗಿಲ್ಲ. ಸ್ತಂಭನಕ್ಷೆಗೆ ಚೌಕಳಿ ಕಾಗದ ಯಾಕೆ ಬೇಕು ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ನಾನಂತೂ ಹೇಳಿಕೊಡಲಾರೆ.

ಹುಳ ಇದ್ದ ಕಾಯಿಗೆ ಬೇರೆ ಸಾಲು. ಮೊದಲು ಕಿರುಚಾಟ, ಆಮೇಲೆ ಎಲ್ಲರಿಗೂ ಹುಳವೇ ಬೇಕು. ಹುಳ ಜಾಸ್ತಿ ಬಂದ ಕಾಯಿಯ ಮನೆಯ ಹುಡುಗಿ ‘ನಮ್ಮಪ್ಪ ಈ ಸಲ ಔಷಧಿ ಹೊಡೆದಿಲ್ಲ’ ಅಂತ ಹೆಮ್ಮೆಯೋ ನಾಚಿಕೆಯೋ ಗೊತ್ತಾಗದ ದನಿಯಲ್ಲಿ ಹೇಳಿದಳು. ನಾಲ್ಕು ಮತ್ತು ಐದನೇ ತರಗತಿಯವರಿಗೆ ತೂಕದ ಕೆಲಸ. ಒಂದು ಕೆಜಿ ಕಾಯಿ ಬಿಡಿಸಿದರೆ ಅರ್ಧ ಕೆಜಿಯೂ ಕಾಳು ಸಿಗುವುದಿಲ್ಲ. ಹಾಗಾದರೆ ಸಂತೆಯಲ್ಲಿ ಬಿಡಿಸಿದ ಕಾಳಿಗೆ ಎಷ್ಟು ರೇಟು ಹೇಳಿದರೆ ನ್ಯಾಯ, ಬಿಡಿಸಿದವರ ಕೂಲಿ ಎಲ್ಲಿ ಹೋಯಿತು, ಹೀಗೆ ಲೆಕ್ಕ ಬೆಳೆಯುತ್ತದೆ. ಕಾಳು ರಾತ್ರಿ ನೆನೆಹಾಕಿ ಮಾರನೇ ದಿನ ಹಿತುಕಿದ್ದು, ಹಿತುಕಿದ ಬೇಳೆ ಚಿಮ್ಮಿ ಚಪ್ಪರಕ್ಕೆ ಬಡಿದದ್ದು, ಕೊನೆಗೆ ಅಡುಗೆ ಅಕ್ಕ ಅದನ್ನೆಲ್ಲ ಬಿಸಿಯೂಟದ ಸಾರಿಗೆ ಹಾಕಿದ್ದು, ಅದನ್ನೆಲ್ಲ ಬರೆಯುತ್ತಾ ಕೂತರೆ ಮುಗಿಯುವುದಿಲ್ಲ.

‘ಮನೆಯಲ್ಲೂ ಅವರೆಕಾಯಿ ಬಿಡಿಸೋದು, ಸ್ಕೂಲಲ್ಲೂ ಅದೇನಾ ಮೇಡಂ?’ ಅಂತ ಒಬ್ಬ ತಾಯಿ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ನಾನು ಮಗುವಿನ ಪುಸ್ತಕ ತೆಗೆದು ತೋರಿಸಿದೆ. ಮನೆಯಲ್ಲಿ ಬಿಡಿಸಿ ಬಿಸಾಕುತ್ತಾರೆ, ಇಲ್ಲಿ ಎಣಿಸಿ ಬರೆಯುತ್ತಾರೆ. ಬರೆಯದಿದ್ದರೆ ಅವರು ಕೇಳಿದ್ದೇ ಸರಿ, ಅದು ಬರೀ ಕೂಲಿ.

ಆಮೇಲೆ ಎಳ್ಳು ಬೆಲ್ಲ. ಕಡಲೆಕಾಯಿ ಬೀಜ ಹುರಿಯುವುದು, ಕೊಬ್ಬರಿ, ಬೆಲ್ಲ ಹೆಚ್ಚುವುದು ಅಡುಗೆ ಅಕ್ಕನ ಕೆಲಸ. ಚಾಕು, ಬಿಸಿ ಬಾಣಲೆ ಮಕ್ಕಳ ಹತ್ತಿರ ಬರಬಾರದು. ಪಕ್ಕದ ಅಂಗನವಾಡಿಯ ಪುಟಾಣಿಗಳಿಗೆ ಇಡೀ ಬೀಜ ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಬೀಜದ ಸಿಪ್ಪೆ ಉಜ್ಜಿ ತೆಗೆಯುವುದು ಮಾತ್ರ ಪೂರ್ತಿ ಮಕ್ಕಳದ್ದು. ಸಿಪ್ಪೆ ಬೇರೆ ಮಾಡುವುದಕ್ಕೆ ಎಲ್ಲರೂ ಬಾಯಿಯಲ್ಲಿ ಊದುತ್ತಾರೆ, ಎಲ್ಲರ ಮುಖಕ್ಕೂ ಸಿಪ್ಪೆ. ಅದಕ್ಕೆ ಊರಿನ ಒಬ್ಬ ಅಜ್ಜಿಯನ್ನು ಮೊರದ ಸಮೇತ ಕರೆದೆ. ಅವರು ಮಾತೇ ಆಡಲಿಲ್ಲ. ಮೊರ ಸ್ವಲ್ಪ ಮುಂದಕ್ಕೆ ಬಗ್ಗಿಸಿ ಮೇಲಕ್ಕೆ ಹಾರಿಸಿ, ಬೀಳುವಾಗ ಹಿಂದಕ್ಕೆ ಎಳೆದುಕೊಂಡರು. ಸಿಪ್ಪೆ ಹೊರಗೆ, ಬೀಜ ಒಳಗೆ. ಮಕ್ಕಳು ಕೇಳಿದ ಪ್ರಶ್ನೆ, ‘ಬೀಜ ಯಾಕೆ ಹಾರಲಿಲ್ಲ?’ ಹಗುರ ಭಾರದ ಪಾಠ ಅಲ್ಲಿಂದ ಶುರು.

ನನಗೆ ತುಂಬಾ ಇಷ್ಟವಾದದ್ದು ಹಂಚುವಾಗ ನಡೆದದ್ದು. ಎಳ್ಳು, ಬೆಲ್ಲ, ಕೊಬ್ಬರಿ, ಬೀಜ, ಹುರಿಗಡಲೆ ಎಲ್ಲಾ ಲೋಟದಲ್ಲಿ ಅಳೆದು ದೊಡ್ಡ ಡಬ್ಬಿಗೆ ಹಾಕಿ, ಮುಚ್ಚಳ ಹಾಕಿ, ಚೆನ್ನಾಗಿ ಕುಲುಕಿ, ಒಬ್ಬೊಬ್ಬರಿಗೂ ಒಂದೊಂದು ಚಮಚ ಕಾಗದದ ಪೊಟ್ಟಣಕ್ಕೆ. ಮೊದಲು ಬಂದವರಿಗೆ ಕೊಬ್ಬರಿ, ಬೆಲ್ಲ, ಬೀಜ. ಕಡೆಗೆ ನಿಂತಿದ್ದವರಿಗೆ ಬರೀ ಎಳ್ಳು! ದೊಡ್ಡ ಗಲಾಟೆ. ಹಂಚಿದವಳ ಮೇಲೆ ಆಪಾದನೆ, ಅವಳ ಕಣ್ಣಲ್ಲಿ ನೀರು. ಡಬ್ಬಿಗೆ ಎಲ್ಲಾ ವಾಪಸ್ ಸುರಿಸಿ, ಪಾರದರ್ಶಕ ಬಾಟಲಿಯಲ್ಲಿ ಸ್ವಲ್ಪ ಹಾಕಿ ಅವರೆದುರೇ ಕುಲುಕಿದೆವು. ಕುಲುಕಿದಷ್ಟೂ ಎಳ್ಳು ಸಂದಿಯಲ್ಲಿ ನುಸುಳಿ ತಳಕ್ಕೆ ಇಳಿಯುತ್ತದೆ, ದೊಡ್ಡ ಚೂರುಗಳು ಮೇಲಕ್ಕೆ ಬರುತ್ತವೆ. ಆಮೇಲೆ ಮರಳು ಮತ್ತು ಜಲ್ಲಿಕಲ್ಲು ಹಾಕಿ ನೋಡಿದರು, ಅಲ್ಲೂ ಹಾಗೆಯೇ. ರಾಗಿಗೆ ಹುರುಳಿ ಹಾಕಿ ನೋಡಿದರು. ‘ಚೆನ್ನಾಗಿ ಕುಲುಕಿದರೆ ಚೆನ್ನಾಗಿ ಬೆರೆಯುತ್ತದೆ’ ಅಂತ ನಾವು ದೊಡ್ಡವರೂ ಅಂದುಕೊಂಡಿರುತ್ತೇವೆ, ಅಲ್ವಾ? ಕುಲುಕುವ ಬದಲು ಅಗಲ ತಟ್ಟೆಯಲ್ಲಿ ಹರಡಿ ಕೈಯಲ್ಲಿ ಬೆರೆಸಿ ಅಲ್ಲೇ ಭಾಗ ಮಾಡೋಣ ಅಂತ ಮಕ್ಕಳೇ ತೀರ್ಮಾನ ಮಾಡಿದರು. ಹಂಚಿದವಳ ಮೇಲಿನ ಆಪಾದನೆಯೂ ಹೋಯಿತು. ಭಾಗ ಮಾಡಿ ಉಳಿದದ್ದು ಯಾರಿಗೆ ಅನ್ನುವುದು ಶೇಷದ ಲೆಕ್ಕ. ಅದನ್ನು ಪ್ರತಿ ವರ್ಷವೂ ಅಡುಗೆ ಅಕ್ಕನೇ ಗೆಲ್ಲುತ್ತಾರೆ.

ಇನ್ನು ನೆರಳು. ಇದಕ್ಕೆ ಖರ್ಚು ಸೊನ್ನೆ. ಒಂದು ಮೀಟರ್ ಕೋಲು ನೆಲದ ಮೇಲೆ ನೆಟ್ಟಗೆ ನಿಲ್ಲಬೇಕು, ಮಧ್ಯಾಹ್ನ ನೆರಳು ಎಲ್ಲಕ್ಕಿಂತ ಗಿಡ್ಡ ಇರುವ ಹೊತ್ತಿಗೆ ತುದಿಗೆ ಒಂದು ಕಲ್ಲು ಇಡಬೇಕು. ಆ ಹೊತ್ತು ಗಡಿಯಾರದ ಸರಿಯಾಗಿ 12 ಅಲ್ಲ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ನಾವಿರುವುದು ಅದಕ್ಕಿಂತ ಪಶ್ಚಿಮಕ್ಕೆ, ಹಾಗಾಗಿ ಡಿಸೆಂಬರ್ ಎರಡನೇ ವಾರದಿಂದ ಸಂಕ್ರಾಂತಿವರೆಗೆ 12.10ರಿಂದ 12.30ರ ಒಳಗೆ ಬರುತ್ತದೆ. ಊಟದ ಗಂಟೆಗೆ ಸ್ವಲ್ಪ ಮುಂಚೆ, ಅನುಕೂಲ. ಡಿಸೆಂಬರ್ 21ರ ಸುಮಾರಿಗೆ ನಮ್ಮ ಕಡೆ ನೆರಳು ಹೆಚ್ಚುಕಡಿಮೆ 75 ಸೆಂಟಿಮೀಟರ್. ಸಂಕ್ರಾಂತಿ ಹೊತ್ತಿಗೆ 69ರ ಹತ್ತಿರ. ಆರು ಸೆಂಟಿಮೀಟರ್ ಅಂದರೆ ಮಕ್ಕಳ ಗೇಣಿನಲ್ಲಿ ಅರ್ಧದಷ್ಟು, ಕಣ್ಣಿಗೆ ಚೆನ್ನಾಗಿ ಕಾಣುತ್ತದೆ.

ಇಲ್ಲೊಂದು ಸಿಕ್ಕು ಇದೆ. ಸಂಕ್ರಾಂತಿ ದಿನ ಸೂರ್ಯ ಉತ್ತರಕ್ಕೆ ತಿರುಗುತ್ತಾನೆ ಅಂತ ಮನೆಯಲ್ಲಿ ಹೇಳಿರುತ್ತಾರೆ, ಕಲ್ಲುಗಳನ್ನು ನೋಡಿದರೆ ಆಗಲೇ ಮೂರು ವಾರದ ಹಿಂದೆ ತಿರುಗಿಯಾಗಿದೆ. ‘ಹಂಗಾದ್ರೆ ನಮ್ಮಜ್ಜಿ ಹೇಳಿದ್ದು ಸುಳ್ಳಾ ಮಿಸ್?’ ಅಂತ ಕೇಳಿಯೇ ಕೇಳುತ್ತಾರೆ. ಹಾರಿಕೆ ಉತ್ತರ ಕೊಡಬೇಡಿ. ಭೂಮಿಯ ಅಕ್ಷ ಬುಗುರಿ ಥರ ನಿಧಾನಕ್ಕೆ ತೂಗುತ್ತದೆ, ಅದರಿಂದ ಸೂರ್ಯ ನಿಜವಾಗಿ ತಿರುಗುವ ದಿನಕ್ಕೂ ಸಂಕ್ರಾಂತಿಗೂ ನಡುವೆ ಸುಮಾರು 72 ವರ್ಷಕ್ಕೆ ಒಂದು ದಿನದ ಹಾಗೆ ಅಂತರ ಬೆಳೆಯುತ್ತಾ ಬಂದಿದೆ. ಸುಮಾರು 1,700 ವರ್ಷದ ಹಿಂದೆ ಎರಡೂ ಒಟ್ಟಿಗೇ ಬೀಳುತ್ತಿದ್ದವು. ಮಕ್ಕಳಿಗೆ ಇಷ್ಟೆಲ್ಲ ಬೇಡ. ‘ಅಜ್ಜಿಯ ಅಜ್ಜಿಯ ಅಜ್ಜಿಯ ಕಾಲದಲ್ಲಿ ಅದು ಸರಿ ಇತ್ತು, ಆಮೇಲೆ ಸೂರ್ಯನ ಲೆಕ್ಕ ಸ್ವಲ್ಪ ಸ್ವಲ್ಪ ಜರುಗಿತು’ ಅಂದರೆ ಒಪ್ಪುತ್ತಾರೆ. ಅಜ್ಜಿಯ ಮರ್ಯಾದೆಯೂ ಉಳಿಯುತ್ತದೆ, ಕಲ್ಲಿನ ಮಾತೂ ಉಳಿಯುತ್ತದೆ. ಕೋಲು ಕೀಳಬೇಡಿ. ಏಪ್ರಿಲ್ ಕೊನೆ ವಾರ ನೆರಳು ಪೂರ್ತಿ ಮಾಯವಾಗುವ ದಿನ ಶಾಲೆಗೆ ಬೇಸಿಗೆ ರಜೆ, ಆದರೆ ಅದೇ ದಿನ ಇನ್ನೊಂದು ಸಲ ಬರುತ್ತದೆ, ಆಗಸ್ಟ್ 15 ಕಳೆದು ಒಂದೆರಡು ದಿನಕ್ಕೆ. ಧ್ವಜಸ್ತಂಭವೇ ಕೋಲು. ಮೋಡ ಇಲ್ಲದಿದ್ದರೆ ನಿಮ್ಮ ಪುಣ್ಯ.

ನಮ್ಮ ತರಗತಿಯಲ್ಲಿ ಮುಸ್ಲಿಂ ಮಕ್ಕಳೂ ಇದ್ದಾರೆ. ಹಾಗಾಗಿ ನಾನು ಪೂಜೆ ಇಡುವುದಿಲ್ಲ, ಬೆಳೆ ಇಡುತ್ತೇನೆ, ಆಕಾಶ ಇಡುತ್ತೇನೆ. ಅವರೆಕಾಯಿ ಎಲ್ಲರ ಮನೆಯದ್ದು. ಚಂದ್ರನೂ ಅಷ್ಟೇ. 2025ರಲ್ಲಿ ಮಾರ್ಚ್ 30ಕ್ಕೆ ಯುಗಾದಿ, 31ಕ್ಕೆ ರಂಜಾನ್ ಹಬ್ಬ. ಮಾರ್ಚ್ 30ರ ಸಂಜೆ ಎರಡೂ ಬೀದಿಯವರು ಹುಡುಕಿದ್ದು ಪಡುವಣದ ಅದೇ ಎಳೆ ಚಂದ್ರನನ್ನು. ಹಿಂದಿನ ತಿಂಗಳಿಡೀ ದಿನಕ್ಕೊಂದು ಚೌಕದಲ್ಲಿ ಚಂದ್ರನನ್ನು ಬರೆದವರಿಗೆ ಅವತ್ತು ಅವನು ಎಲ್ಲಿ, ಯಾವ ಆಕಾರದಲ್ಲಿ ಕಾಣುತ್ತಾನೆ ಅಂತ ಮೊದಲೇ ಗೊತ್ತಿರುತ್ತದೆ. ಮನೆಯವರಿಗೆಲ್ಲ ಬೆರಳು ಮಾಡಿ ತೋರಿಸುವುದು ಅವರೇ.

ಒಂದು ವಿಷಯ ಮಾತ್ರ ಹೊರಗಿನಿಂದ ಬಂದ ಟೀಚರ್‌ಗಳಿಗೆ ಹೇಳಬೇಕು. ಶಾಲೆಯ ಕ್ಯಾಲೆಂಡರ್ ಬೇರೆ, ಊರಿನ ಕ್ಯಾಲೆಂಡರ್ ಬೇರೆ. ನಮ್ಮಲ್ಲಿ ಮನೆ ಮನೆಯಲ್ಲೂ ರೇಷ್ಮೆ. ಹುಳು ಸೊಪ್ಪು ಬಿಟ್ಟು ಮಲಗಿ ಪೊರೆ ಕಳಚುವುದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ತಿನ್ನುವ ಸೊಪ್ಪು ಅದು ಹುಟ್ಟಿದಾಗಿನಿಂದ ಅಲ್ಲಿಯವರೆಗೆ ತಿಂದ ಅಷ್ಟೂ ಸೊಪ್ಪಿಗಿಂತ ಎಷ್ಟೋ ಪಾಲು ಜಾಸ್ತಿ. ಆ ವಾರ ದೊಡ್ಡವರೆಲ್ಲ ಹಿಪ್ಪುನೇರಳೆ ತೋಟದಲ್ಲಿ, ಮಕ್ಕಳು ತಮ್ಮ ತಂಗಿಯರನ್ನು ನೋಡಿಕೊಂಡು ಮನೆಯಲ್ಲಿ. ಹಣ್ಣಾದ ಹುಳುವನ್ನು ಗೂಡು ಕಟ್ಟುವುದಕ್ಕೆ ಚಂದ್ರಿಕೆಗೆ, ಅಂದರೆ ಬಿದಿರಿನ ತಟ್ಟೆಗೆ, ಬಿಡುವ ದಿನವಂತೂ ಯಾರನ್ನೂ ಕರೆಯಬೇಡಿ. ನಾನು ಯಾವುದೇ ಚಟುವಟಿಕೆಗೆ ದಿನ ಗೊತ್ತು ಮಾಡುವ ಮುಂಚೆ ‘ನಿಮ್ಮನೇಲಿ ಹುಳು ಎಷ್ಟನೇ ಜ್ವರ?’ ಅಂತ ಕೇಳುತ್ತೇನೆ. ಹಾಜರಾತಿ ಪುಸ್ತಕ ನೋಡಿ ಬೇಜಾರು ಮಾಡಿಕೊಳ್ಳುವುದಕ್ಕಿಂತ ಇದು ವಾಸಿ. ಒಂದನೇ ತರಗತಿ ಮಗು ಕೂಡ ಸರಿಯಾಗಿ ಉತ್ತರ ಕೊಡುತ್ತದೆ.

ಈ ವರ್ಷ ಮಾಡಿ ನೋಡುವವರಿಗೆ: ಕೋಲು ಡಿಸೆಂಬರ್ ಎರಡನೇ ವಾರಕ್ಕೇ ನೆಡಿ, ತಡವಾದರೆ ನೆರಳು ತಿರುಗುವುದು ತಪ್ಪಿಹೋಗುತ್ತದೆ. ಮೊರದ ಅಜ್ಜಿಗೆ ಒಂದು ದಿನ ಮುಂಚೆ ಹೇಳಿಡಿ. ಮೇಲಿನವರು ಫೋಟೊ ಕೇಳಿದರೆ ಜಗಲಿ ಮೇಲಿನ ಅವರೆಕಾಯಿ ಸಾಲು ತೆಗೆದು ಕಳಿಸಿ, ನಡೆಯುತ್ತದೆ. ಬೇಕಾದರೆ ಒಂದೆರಡು ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿ. ಕಬ್ಬು ಮಾತ್ರ ತರಗತಿಯೊಳಗೆ ಬಿಡಬೇಡಿ. ಗೆಣ್ಣು ಎಣಿಸುತ್ತೀವಿ ಮಿಸ್ ಅಂತ ಹೇಳಿ ತರುತ್ತಾರೆ, ಯಾರೂ ಎಣಿಸುವುದಿಲ್ಲ, ಸಿಪ್ಪೆ ಗುಡಿಸಿ ಇರುವೆ ಓಡಿಸುವಷ್ಟರಲ್ಲಿ ಸಂಜೆಯಾಗಿರುತ್ತದೆ.